ಸಾಂಟಾನ ಹೊಟ್ಟೆಯ ಗಡಿಯಾರ

ನನ್ನ ಅಣ್ಣ ಡೆಲ್ಬರ್ಟ್ ಹೂಪರ್ ಕಳ್ಳನೆಂಬುದನ್ನು ನಾನು ಎಂದೂ ಅಲ್ಲಗಳೆದವಳಲ್ಲ. ಅವನು ಒಳ್ಳೆಯ ಕಳ್ಳನೆಂದು ಯಾರಾದರೂ ಹೇಳಿದರೆ ಮಾತ್ರ ಒಪ್ಪಲಾರೆ. ಮೊದಲ ಸಲ ಸಿಕ್ಕಿಬಿದ್ದದ್ದು ನಿದ್ದೆಯಿಂದ. ಕನ್ನ ಹಾಕಿದ ಮನೆಯ ಸೋಫಾ ಮೆತ್ತಗಿದೆಯೆಂದು ಒಂದು ನಿಮಿಷ ಒರಗಿದವನನ್ನು ಬೆಳಿಗ್ಗೆ ಮನೆಯವರೇ ಬಂದು ಎಬ್ಬಿಸಿದರು. ಎರಡನೆಯ ಸಲ, ಕದ್ದ ಕಾರಿನ ಬ್ರೇಕು ಸರಿಯಿಲ್ಲವೆಂದು ಅದರ ಮಾಲೀಕನ ಗ್ಯಾರೇಜಿಗೇ ಒಯ್ದು, ಇಂಥ ಕಾರನ್ನು ಯಾರು ತಾನೇ ರಸ್ತೆಗೆ ಬಿಡುತ್ತಾರೆ ಎಂದು ಜಗಳವಾಡಿದ. ಆಗ ನ್ಯಾಯಾಧೀಶರು ಅವನನ್ನು ಕನ್ನಡಕದ ಮೇಲಿಂದ ನೋಡಿ, "ಮಿಸ್ಟರ್ ಹೂಪರ್, ಇನ್ನೊಂದು ಸಲ ನನ್ನೆದುರಿಗೆ ಬಂದರೆ ನೀವು ಹೊರಗೆ ಬರೋ ಹೊತ್ತಿಗೆ ನಿಮ್ಮನ್ನ ಗುರುತು ಹಿಡಿಯೋರು ಯಾರೂ ಉಳಿದಿರಲ್ಲ" ಎಂದಿದ್ದರು. ಮೃದು ಸ್ವಭಾವದ ಮನುಷ್ಯ. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂದು ನಮ್ಮ ಕಾರ್ವರ್ ಫಾಲ್ಸ್‌ನಲ್ಲಿ ಎಲ್ಲರಿಗೂ ಗೊತ್ತು.

ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಸ್ವಲ್ಪ ಮೊದಲು, ನವೆಂಬರಿನಲ್ಲಿ, ಡೆಲ್ಬರ್ಟ್ ಜೈಲಿನಿಂದ ಹೊರಗೆ ಬಂದ. ಅದೇ ವಾರ ಟಿಲ್ಲಿಂಗರ್ ಅಂಗಡಿಯಲ್ಲಿ ಕ್ರಿಸ್ಮಸ್ಸಿನವರೆಗೆ ವೇಷ ಹಾಕಿ ಕೂತು, ಮಕ್ಕಳನ್ನು ತೊಡೆಯೇರಿಸಿಕೊಂಡು ಏನು ಬೇಕೆಂದು ಕೇಳುತ್ತಿದ್ದ ಖಾಯಂ ಸಾಂಟಾ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ. ನಾನು ಆ ಅಂಗಡಿಯಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುವ ಕೌಂಟರಿನವಳು. ಮ್ಯಾನೇಜರ್ ವಿಟ್ಕಂಬ್ ಸಾಹೇಬರು ಕೈ ಹಿಸುಕಿಕೊಳ್ಳುತ್ತ ನನ್ನ ಬಳಿಗೆ ಬಂದರು.

"ಲೆನೋರಾ, ನಿಮಗೆ ಗೊತ್ತಿರೋರಲ್ಲಿ ಬಿಡುವಾಗಿರೋ ಗಂಡಸರು ಯಾರಾದರೂ ಇದಾರಾ?"

"ನಮ್ಮಣ್ಣ ಇದಾನೆ ಸರ್. ಈಚೆಗೆ ತಾನೇ ಬಿಡುವಾಗಿದಾನೆ."

"ಇದಕ್ಕೆ ಮುಂಚೆ ಎಲ್ಲಿದ್ರು?"

"ಸರ್ಕಾರದವರ ಹತ್ತಿರ ಸರ್."

"ಸರ್ಕಾರಿ ಶಿಸ್ತು. ಅದೇ ಬೇಕಾಗಿರೋದು" ಎಂದರು ಸಾಹೇಬರು. ನಾನು ಸುಳ್ಳು ಹೇಳಿರಲಿಲ್ಲ. ಆದರೂ ಆ ದಿನ ಸುತ್ತಿದ ಪೊಟ್ಟಣಗಳಲ್ಲಿ ಒಂದರ ಮೂಲೆಯೂ ನೆಟ್ಟಗೆ ಕೂರಲಿಲ್ಲ.

ಸಾಹೇಬರದು ಒಂದೇ ನಿಯಮ. ಅದನ್ನು ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. "ಈ ಬಾಗಿಲ ಒಳಗೆ ಅವರು ಸಾಂಟಾ. ಬೇರೆ ಹೆಸರಿಲ್ಲ, ಬೇರೆ ಊರಿಲ್ಲ. ಮಕ್ಕಳಿಗೆ ಕಾಣೋ ಕಡೆ ಯಾರೂ ಅವರ ಗಡ್ಡ, ಟೋಪಿ, ಅಂಗಿ ಮುಟ್ಟೋ ಹಾಗಿಲ್ಲ. ಅವರು ಸಾಂಟಾ ಅಲ್ಲ ಅನ್ನೋ ಮಾತು ಯಾರ ಬಾಯಿಂದ ಬರುತ್ತೋ, ಆ ಬಾಯಿ ಮಾರನೇ ದಿನದಿಂದ ಬೇರೆ ಅಂಗಡೀಲಿ ಅನ್ನ ಹುಡುಕ್ಕೋಬೇಕು."

ಇದು ಟಿಲ್ಲಿಂಗರ್ ಅಂಗಡಿಯೊಂದರ ನಿಯಮವಲ್ಲ. ನಮ್ಮ ಜನ ಪಾದ್ರಿಯ ಮೇಲೆ ಅನುಮಾನ ಪಡಬಹುದು, ಸೆನೆಟರ್ ಮೇಲೆ ಪಡದಿದ್ದರೆ ಪೆದ್ದರು. ಆದರೆ ಡಿಸೆಂಬರ್ ತಿಂಗಳಲ್ಲಿ ಮಗುವಿನ ಕಿವಿಗೆ ಬೀಳುವಂತೆ ಸಾಂಟಾನ ಮೇಲೆ ಅನುಮಾನ ಪಟ್ಟವನಿಗೆ ಕ್ಷಮೆಯಿಲ್ಲ. ದೇವರನ್ನು ನಂಬದವರು ಕೂಡ ಆ ತಿಂಗಳು ಸಾಂಟಾನನ್ನು ನಂಬುವ ಮುಖ ಹೊತ್ತು ತಿರುಗುತ್ತಾರೆ. ಡೆಲ್ಬರ್ಟ್ ಈ ನಿಯಮವನ್ನು ಬಹಳ ಗಮನವಿಟ್ಟು ಕೇಳಿದ. ಅವನು ಯಾವುದನ್ನಾದರೂ ಅಷ್ಟು ಗಮನವಿಟ್ಟು ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಗಲೇ ನನ್ನ ಬಲಗಣ್ಣು ಹಾರತೊಡಗಿತು.

ಸಾಂಟಾನ ಕೆಲಸದಲ್ಲಿ ಅವನಿಗೆ ಯಾವ ನಯವೂ ಇರಲಿಲ್ಲ.

"ಏನ್ ಬೇಕೋ?"

"ರೈಲು ಬೇಕು ಸಾಂಟಾ."

"ಹೋದ ವರ್ಷದ್ದು ಏನಾಯ್ತು?"

"ಮುರಿದುಹೋಯ್ತು."

"ಮುರಿದುಹೋಯ್ತಾ, ಮುರಿದ್ಯಾ? ನನ್ ಹತ್ರ ಸುಳ್ಳು ಹೇಳ್ಬೇಡ ಮರಿ. ನಿನ್ನ ಕಣ್ಣು ನೋಡಿದ್ರೆ ಗೊತ್ತಾಗುತ್ತೆ. ಒಳಗೆ ಇಂಥ ಕಣ್ಣು ನಾನು ಬೇಕಾದಷ್ಟು ನೋಡಿದೀನಿ."

ಸಾಲಿನಲ್ಲಿ ನಿಂತ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕೈಯ ಕತ್ತರಿ ಕೆಳಗೆ ಬಿತ್ತು. ಆಗ ಶಾಲೆಯ ಹೆಡ್‌ಮಿಸ್ಟ್ರೆಸ್ಸು, "ಅಬ್ಬ, ಅಂತೂ ಒಬ್ಬ ಸಾಂಟಾ ಬಂದರಪ್ಪ, ಮಕ್ಕಳನ್ನ ಹಿಡಿತದಲ್ಲಿ ಇಡೋರು" ಎಂದರು. ಮಾರನೆಯ ದಿನ ಸಾಲು ಹೊಲಿಗೆ ಯಂತ್ರಗಳ ವಿಭಾಗದವರೆಗೆ ಬೆಳೆಯಿತು.

ಅವನ ಹೊಟ್ಟೆಗೆ ನಾನೇ ಬೆಳಿಗ್ಗೆ ಬೆಳಿಗ್ಗೆ ದಿಂಬು ಕಟ್ಟುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ದಿಂಬು ಸಾಂಟಾ ಕೂರುವ ಸಿಂಹಾಸನದ ಹಿಂದಿನ ಕಸದ ಡಬ್ಬಿಯಲ್ಲಿ ಕಂಡಿತು. ಹೊಟ್ಟೆ ಮಾತ್ರ ಬೆಳಗಿಗಿಂತ ದಪ್ಪಗಿತ್ತು. ಬೆಳಿಗ್ಗೆ ಬಡಕಲಾಗಿ ಬಂದು ಸಂಜೆಗೆ ತುಂಬು ಬಸುರಿಯಂತೆ ಹೋಗುವ ಗಂಡಸನ್ನು ಬೇರೆ ಯಾವ ಊರಿನಲ್ಲಾದರೂ ಜನ ಪ್ರಶ್ನಿಸುತ್ತಿದ್ದರು. ನಮ್ಮೂರಿನಲ್ಲಿ, "ಮಕ್ಕಳು ಕೊಟ್ಟ ಬಿಸ್ಕತ್ತೆಲ್ಲ ತಿನ್ತಾರೆ ಪಾಪ, ಒಬ್ಬರ ಮನಸ್ಸೂ ನೋಯಿಸಲ್ಲ" ಎಂದರು.

ನೌಕರರು ಹೋಗುವ ಹಿಂಬಾಗಿಲಲ್ಲಿ ಅಂಗಡಿಯ ಪತ್ತೇದಾರ ನೊವಾಕ್ ನಮ್ಮೆಲ್ಲರ ಚೀಲಗಳನ್ನು ತಡಕುತ್ತಿದ್ದ. ಪೊಲೀಸ್ ಕೆಲಸದಿಂದ ನಿವೃತ್ತನಾದವನು; ನನ್ನ ಊಟದ ಡಬ್ಬಿಯ ಸ್ಯಾಂಡ್‌ವಿಚ್ಚನ್ನೂ ಬಿಚ್ಚಿ ನೋಡುವವನು. ಸಾಂಟಾ ಹಿಂಬಾಗಿಲಿನಿಂದ ಹೋದರೆ ಮಕ್ಕಳು ಏನೆಂದುಕೊಂಡಾರು? ಹಾಗಾಗಿ ಡೆಲ್ಬರ್ಟ್ ಮುಂಬಾಗಿಲಿನಿಂದ, ಕೈ ಬೀಸುತ್ತ, ವಿಟ್ಕಂಬ್ ಸಾಹೇಬರು ತಾವೇ ಬಾಗಿಲು ಹಿಡಿದು ನಿಂತಿರುವಾಗ ಹೋಗುತ್ತಿದ್ದ.

ಮನೆಗೆ ಬಂದ ಮೇಲೆ ಕೇಳಿದೆ. "ದಿಂಬು ಯಾಕೆ ಬಿಸಾಕಿದೆ?"

"ದಿಂಬು ಅನ್ನೋದು ಮೋಸ ಲೆನಿ. ಮಕ್ಕಳಿಗೆ ಮೋಸ ಮಾಡಬಾರದು."

"ಹೊಟ್ಟೇಲಿ ಏನಿದೆ?"

ಅವನು ಅಂಗಿ ಬಿಚ್ಚಿದ. ಎರಡು ರೇಷ್ಮೆ ಸ್ಕಾರ್ಫು, ಒಂದು ಮೊಟ್ಟೆ ಕಡೆಯುವ ಯಂತ್ರ, ಹೆಂಗಸರ ಸುಗಂಧದ ಬಾಟಲಿ, ಎಡಗಾಲಿನ ಒಂದು ಚಪ್ಪಲಿ.

"ಬಲಗಾಲಿಂದು?"

"ನಾಳೆ. ಒಂದೇ ದಿನ ಎರಡೂ ಎತ್ತಿದ್ರೆ ಕಣ್ಣಿಗೆ ಬೀಳುತ್ತೆ. ಇದೆಲ್ಲ ನಿನಗೆ ಅರ್ಥ ಆಗಲ್ಲ, ನೀನು ಕಾಲೇಜು ಓದಿದೋಳು."

ಅತ್ತೆ, ಬೈದೆ, ಆ ನ್ಯಾಯಾಧೀಶರ ಮಾತನ್ನು ನೆನಪಿಸಿದೆ. ಅವನ ಜೊತೆ ನನ್ನ ಕೆಲಸವೂ ಹೋಗುತ್ತದೆಂದೆ. ಅವನ ಕಣ್ಣಲ್ಲೂ ನೀರು ಬಂತು. ನಾಳೆಯೊಂದು ದಿನ ಕಳೆದರೆ ಎಲ್ಲ ಬಿಟ್ಟುಬಿಡುತ್ತೇನೆ, ಒಂಟಿ ಚಪ್ಪಲಿಯನ್ನು ಏನು ಮಾಡಲಿ ಎಂದ.

ಆ ನಾಳೆಯೇ ಅವನು ಚಪ್ಪಲಿಯ ಕೌಂಟರೆಂದು ತಿಳಿದು ಗಡಿಯಾರದ ಕೌಂಟರಿಗೆ ಹೋಗಿ, ಒಂದು ಅಲಾರಂ ಗಡಿಯಾರವನ್ನು ಹೊಟ್ಟೆಗೆ ಸೇರಿಸಿಕೊಂಡು ಬಂದ. ಮಧ್ಯಾಹ್ನ ಡಾಕ್ಟರ್ ಫೆನ್ನರ್ ಅವರ ಪುಟ್ಟ ಮಗ ತೊಡೆಯೇರಿ, ಸಾಂಟಾನ ಹೊಟ್ಟೆಗೆ ಕಿವಿಯಿಟ್ಟ.

"ಅಪ್ಪಾ, ಸಾಂಟಾನ ಒಳಗೆ ಟಿಕ್ ಟಿಕ್ ಅಂತಿದೆ."

ಫೆನ್ನರ್ ಚರ್ಚಿಗೂ ಸ್ಟೆತಾಸ್ಕೋಪು ಹಾಕಿಕೊಂಡು ಹೋಗುವ ಮನುಷ್ಯ. ಅಂಗಿಯ ಗುಂಡಿ ಬಿಚ್ಚಲು ಹೋದರು. ಹಿಂದಿನಿಂದ ವಿಟ್ಕಂಬ್ ಸಾಹೇಬರು ಕೆಮ್ಮಿದರು, ಮಕ್ಕಳೆಲ್ಲ ನೋಡುತ್ತಿದ್ದರು. ಡಾಕ್ಟರು ಕೆಂಪು ಅಂಗಿಯ ಮೇಲೆಯೇ ಸ್ಟೆತಾಸ್ಕೋಪಿಟ್ಟು ಕಣ್ಣು ಮುಚ್ಚಿದರು. ಅಪಾರವಾಗಿ ಓದಿದವರಾದ್ದರಿಂದ, ಟಿಕ್ ಟಿಕ್ ಎನ್ನುವುದು ಗಡಿಯಾರವಿರಬಹುದೆಂಬ ಬಡ ಆಲೋಚನೆ ಅವರ ಹತ್ತಿರ ಸುಳಿಯಲಿಲ್ಲ.

"ಹೃದಯ ಕೆಳಗೆ ಜಾರಿದೆ" ಎಂದರು ಮೆಲ್ಲಗೆ. "ಹೊಕ್ಕುಳ ಮಟ್ಟಕ್ಕೆ ಬಂದಿದೆ. ಬಡಿತ ಮಾತ್ರ, ನನ್ನ ಇಡೀ ವೃತ್ತೀಲಿ ಇಷ್ಟು ಕ್ರಮವಾದದ್ದು ಕೇಳಿಲ್ಲ. ನಿಮಗೆ ನೋವಾಗ್ತಿದೆಯಾ ಸಾಂಟಾ?"

"ಮೂಲೆ ಸ್ವಲ್ಪ ಚುಚ್ಚುತ್ತೆ" ಎಂದ ಡೆಲ್ಬರ್ಟ್.

"ಧೀರ ಮನುಷ್ಯ" ಎಂದು ಡಾಕ್ಟರು ಕನ್ನಡಕ ಒರೆಸಿಕೊಂಡರು.

ಸಂಜೆಯ ಪತ್ರಿಕೆಯಲ್ಲಿ ಸುದ್ದಿ ಬಂತು. ಹೃದಯ ಜಾರಿದ್ದರೂ ಮಕ್ಕಳಿಗಾಗಿ ಕುಳಿತಿರುವ ಸಾಂಟಾನ ಬಗ್ಗೆ ಊರು ಬಿಕ್ಕಿತು. ನಮ್ಮ ಕಡೆ ಯಾರಿಗೇ ಕಾಯಿಲೆಯಾಗಲಿ, ಅದಕ್ಕೆ ಮದ್ದು ಒಂದೇ: ಮೀನು, ನೂಡಲ್ಸು, ಮೇಲೊಂದಿಷ್ಟು ಚಿಪ್ಸು ಪುಡಿಮಾಡಿ ಒವನ್ನಿನಲ್ಲಿ ಬೇಯಿಸಿದ ದೊಡ್ಡ ಪಾತ್ರೆ. ಮಾರನೆಯ ದಿನ ಸಿಂಹಾಸನದ ಸುತ್ತ ಅಂಥ ಪಾತ್ರೆಗಳು ಎಷ್ಟು ಸೇರಿದವೆಂದರೆ, ನಾಲ್ಕನೆಯ ಮಹಡಿಯ ತುಪ್ಪಳದ ಕೋಟುಗಳಿಗೂ ಮೀನಿನ ವಾಸನೆ ಹತ್ತಿತು. ಲೂಥರನ್ ಚರ್ಚಿನ ಹೆಂಗಸರಿಗೂ ಮೆಥಡಿಸ್ಟ್ ಚರ್ಚಿನ ಹೆಂಗಸರಿಗೂ ಯಾರ ಪಾತ್ರೆ ಸಾಂಟಾನ ಬಲಗೈ ಕಡೆ ಇರಬೇಕೆಂದು ಮಾತು ಬೆಳೆಯಿತು.

ಅಂದು ಡಾಕ್ಟರು ಬೆಳಿಗ್ಗೆಯೇ ಬಂದು ಸ್ಟೆತಾಸ್ಕೋಪಿಟ್ಟರು. ಹಿಂದಿನ ದಿನದ ಗಡಿಯಾರ ನಮ್ಮ ಮನೆಯಲ್ಲಿತ್ತು. ಮುಖ ಬಿಳುಚಿತು.

"ನಿಂತುಹೋಗಿದೆ."

"ಏನು ನಿಂತುಹೋಗಿದೆ?" ಎಂದ ಡೆಲ್ಬರ್ಟ್.

"ನಿಮ್ಮ ಹೃದಯ. ಮಾತಾಡಬೇಡಿ."

"ನಾನು ಮಾತಾಡ್ತಿದೀನಲ್ಲ ಡಾಕ್ಟ್ರೇ."

"ಅದು ಕೊನೇ ಚೈತನ್ಯ. ಕೆಲವರಿಗೆ ಹಾಗಾಗುತ್ತೆ. ಆಂಬ್ಯುಲೆನ್ಸಿಗೆ ಹೇಳಿ ಕಳಿಸಿ, ಅಲ್ಲಿ ಅಂಗಿ ಕತ್ತರಿಸಿ ನೋಡೋಣ."

ಕತ್ತರಿಸುವ ಮಾತು ಕೇಳಿದ್ದೇ ಡೆಲ್ಬರ್ಟ್ ಎದ್ದು, ಬಚ್ಚಲಿಗೆಂದು ಹೋದ. ಸತ್ತವನು ತಾನೇ ನಡೆದು ಬಚ್ಚಲಿಗೆ ಹೋದದ್ದನ್ನು ಡಾಕ್ಟರು ಕೈಕಟ್ಟಿ ನೋಡುತ್ತ ನಿಂತರು. ಅವನು ಗಡಿಯಾರದ ಕೌಂಟರನ್ನು ಬಳಸಿಕೊಂಡು ಮರಳಿ ಬಂದು ಕುಳಿತ. ಸ್ಟೆತಾಸ್ಕೋಪಿಟ್ಟ ಡಾಕ್ಟರು ಗಳಗಳನೆ ಅತ್ತುಬಿಟ್ಟರು. ಅವಸರದಲ್ಲಿ ಡೆಲ್ಬರ್ಟ್ ಎರಡು ಗಡಿಯಾರ ಎತ್ತಿದ್ದನೆಂದು ಕಾಣುತ್ತದೆ. "ತಪ್ಪಿಹೋದ ಬಡಿತಾನೂ ಸೇರಿಸಿ ಹೊಡೀತಿದೆ" ಎಂದರು ಡಾಕ್ಟರು.

ಅಂದಿನಿಂದ ನನ್ನ ಅಣ್ಣ ಬದುಕಿರಬೇಕಾದರೆ ದಿನವೂ ಕದಿಯಬೇಕಾಯಿತು.

"ನಾನು ಬಿಟ್ಟುಬಿಡೋಣ ಅಂತಲೇ ಇದ್ದೆ ಲೆನಿ" ಎಂದ ಮನೆಯಲ್ಲಿ, ಮೀನಿನ ಪಾತ್ರೆಯ ಮುಂದೆ ಕುಳಿತು. "ಈಗ ಬಿಟ್ರೆ ಸತ್ತೆ ಅಂತ ಬರೆದುಬಿಡ್ತಾರೆ."

"ಮನೇಲಿ ಇಷ್ಟು ಗಡಿಯಾರ ಇದಾವಲ್ಲೋ. ಅದರಲ್ಲೇ ಒಂದನ್ನ ಬೆಳಿಗ್ಗೆ ಕಟ್ಟಿಕೊಂಡು ಹೋಗು."

ಅವನು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. "ಮನೆಯಿಂದ ಅಂಗಡಿಗೆ ಮಾಲು ಒಯ್ಯೋದಾ? ನಾನೇನು ಹುಚ್ಚನಾ?"

ಇತ್ತ ಗಡಿಯಾರಗಳು ಕಾಣೆಯಾಗುವುದನ್ನು ಕಂಡು ನೊವಾಕನಿಗೆ ಊಟ ಸೇರದಾಯಿತು. ಪಾದ್ರಿಯ ಮೇಲೆ ಅನುಮಾನ ಪಟ್ಟ. ನನ್ನ ಸ್ಯಾಂಡ್‌ವಿಚ್ಚನ್ನು ಎರಡೆರಡು ಸಲ ಬಿಚ್ಚಿದ. ಕೊನೆಗೆ ಗಿರಾಕಿಯ ವೇಷದಲ್ಲಿ, ಕಿವಿಯವರೆಗೆ ಟೋಪಿಯೆಳೆದುಕೊಂಡು, ಗಡಿಯಾರದ ಕೌಂಟರಿನ ಮುಂದೆಯೇ ಕಾವಲು ನಿಂತ. ಡೆಲ್ಬರ್ಟ್ ಅವನ ಪಕ್ಕದಲ್ಲಿ ನಿಂತೇ ಗಡಿಯಾರ ಎತ್ತಿಕೊಂಡ.

"ಹೃದಯ ಹೇಗಿದೆ ಸಾಂಟಾ?" ಎಂದು ನೊವಾಕ್ ಟೋಪಿ ತೆಗೆದು ಕೇಳಿದನಂತೆ.

"ಈಗ ತಾನೇ ಸರಿಹೋಯ್ತು" ಎಂದನಂತೆ ಇವನು.

ಕ್ರಿಸ್ಮಸ್ಸಿನ ಹಿಂದಿನ ದಿನ ಬಂತು. ಇದೊಂದು ದಿನ ಕಳೆದರೆ ಸಾಂಟಾ ಉತ್ತರ ಧ್ರುವಕ್ಕೆ ಹೋಗುತ್ತಾನೆ, ನನ್ನ ಅಣ್ಣ ಉಳಿಯುತ್ತಾನೆ ಎಂದು ನಾನು ಬೆಳಗಿನಿಂದ ಉಗುರು ಕಚ್ಚುತ್ತಿದ್ದೆ. ಕೊನೆಯ ದಿನವೆಂದು ಡೆಲ್ಬರ್ಟ್ ಹೊಟ್ಟೆಯನ್ನು ಎಂದಿಗಿಂತ ಹೆಚ್ಚು ತುಂಬಿಕೊಂಡಿದ್ದ. ಕುಳಿತಾಗ ಗಲ್ಲ ಹೊಟ್ಟೆಯ ಮೇಲೆ ಕೂರುತ್ತಿತ್ತು. ಪತ್ರಿಕೆಯ ಫೋಟೋಗ್ರಾಫರನೂ ಬಂದಿದ್ದ. ಆ ಹೊತ್ತಿಗೆ ನೊವಾಕ್ ತನ್ನ ಮೊಮ್ಮಗಳು ಟೆಸ್‌ಳನ್ನು ಕರೆತಂದು ಸಾಂಟಾನ ತೊಡೆಯ ಮೇಲೆ ಕೂರಿಸಿದ.

"ಏನ್ ಬೇಕು ನಿನಗೆ?" ಎಂದ ಡೆಲ್ಬರ್ಟ್. ಆಗಲೇ ಅವನ ಹೊಟ್ಟೆ ಟ್ರಿಣ್ ಟ್ರಿಣ್ ಎಂದು ಹೊಡೆದುಕೊಳ್ಳತೊಡಗಿತು.

ಅಲಾರಂ ಒಂದೇ ಸಮನೆ ಬಡಿಯಿತು. ಡಾಕ್ಟರ್ ಫೆನ್ನರ್ ಸಾಲಿನ ಕೊನೆಯಿಂದ, "ಎಲ್ಲರೂ ದೂರ ಸರೀರಿ, ಇದು ಕೊನೆ ಹಂತ" ಎಂದು ಓಡಿಬಂದರು. ನೊವಾಕ್ ಮಾತ್ರ ಅಲುಗಾಡಲಿಲ್ಲ. ಅವನ ಮುಖದಲ್ಲಿ ಕಾಣೆಯಾದ ಒಂದೊಂದೇ ಗಡಿಯಾರ ಬಂದು ಕೂರುವುದು ನನಗೆ ಕಾಣಿಸಿತು. ಕೈ ಸೊಂಟದ ಬೇಡಿಯ ಕಡೆ ಹೋಯಿತು. ಆಮೇಲೆ ಮೊಮ್ಮಗಳ ಮುಖ ನೋಡಿದ. ಅವಳ ಹಿಂದಿನ ಸಾಲು ನೋಡಿದ. ವಿಟ್ಕಂಬ್ ಸಾಹೇಬರನ್ನು ನೋಡಿದ. ಕೈ ಮೆಲ್ಲಗೆ ಕೆಳಗಿಳಿಯಿತು.

"ಸಾಂಟಾ" ಎಂದ, ಹಲ್ಲು ಕಚ್ಚಿ ನಗುತ್ತ. "ಈ ನಿಮ್ಮ ಹೃದಯ, ಇದನ್ನ ಎಲ್ಲಿ ತಗೊಂಡ್ರಿ?"

"ಹುಟ್ಟುವಾಗಲೇ ಬಂದದ್ದು."

"ಬೆಲೆ ಚೀಟಿ ಇನ್ನೂ ಇದರ ಮೇಲೆ ಇದೆಯೋ, ಕಿತ್ತುಹಾಕಿದ್ರೋ?"

"ಅಜ್ಜ, ಹೃದಯಕ್ಕೆ ಬೆಲೆ ಚೀಟಿ ಇರುತ್ತಾ?" ಎಂದಳು ಟೆಸ್.

"ಕೆಲವರದಕ್ಕೆ ಇರುತ್ತೆ ಪುಟ್ಟಿ. ಸಾಂಟಾ, ನಿಮಗೆ ಪರಿಚಯದ ಒಂದು ಮನೆ ಇದೆಯಲ್ಲ, ಕಿಟಕಿಗೆಲ್ಲ ಕಂಬಿ ಇರೋದು? ಇವತ್ತು ಸಂಜೆ ನಾನೇ ನಿಮ್ಮನ್ನ ಅಲ್ಲಿಗೆ ಬಿಟ್ಟುಬರ್ತೀನಿ."

"ಅಜ್ಜ, ನಾನೂ ಬರ್ತೀನಿ."

ಡೆಲ್ಬರ್ಟ್ ಬೆವೆತುಹೋಗಿದ್ದ. ಅಲಾರಂ ನಿಲ್ಲಿಸದೆ ದಾರಿಯಿರಲಿಲ್ಲ. ಅಂಗಿಯೊಳಗೆ ಕೈ ಹಾಕಿ ಗಡಿಯಾರ ಹೊರತೆಗೆದ. ತೆಗೆದದ್ದೇನೋ ತೆಗೆದ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಟೆಸ್‌ಳ ಕೈಗೇ ಇಟ್ಟ.

"ತಗೋ. ನಿನಗೇ ತಂದಿದ್ದೆ."

ಮಗು ಗಡಿಯಾರವನ್ನು ಎದೆಗೆ ಅವುಚಿಕೊಂಡಿತು. ಫೋಟೋಗ್ರಾಫರನ ದೀಪ ಮಿಂಚಿತು. ಸಾಲಿನಲ್ಲಿದ್ದ ಮಕ್ಕಳಿಗೆ ತಿಳಿಯಬೇಕಾದದ್ದು ತಿಳಿದುಹೋಯಿತು: ಈ ಸಾಂಟಾ ಬರೀ ಕೇಳುವವನಲ್ಲ, ಅಲ್ಲೇ ಹೊಟ್ಟೆಯಿಂದ ತೆಗೆದು ಕೊಡುವವನು.

"ಸಾಲು ಮುಗೀಲಿ" ಎಂದು ನೊವಾಕ್ ಉಸುರಿದ. "ಕೊನೇ ಮಗು ಹೋದ ಮೇಲೆ ನಿನ್ನ ಹೊಟ್ಟೆಯಲ್ಲಿ ಅಂಗಡಿಯ ಒಂದು ಗುಂಡುಸೂಜಿ ಸಿಕ್ಕರೂ ಸಾಕು."

ಅಲ್ಲಿಂದ ಮುಂದೆ ನಡೆದದ್ದನ್ನು ಕಾರ್ವರ್ ಫಾಲ್ಸ್ ಇನ್ನೂ ಹೇಳಿಕೊಳ್ಳುತ್ತದೆ. ರೈಲು ಕೇಳಿದ ಹುಡುಗನಿಗೆ ಮೊಟ್ಟೆ ಕಡೆಯುವ ಯಂತ್ರ ಸಿಕ್ಕಿತು. ಗೊಂಬೆ ಕೇಳಿದವಳಿಗೆ ಗಂಡಸರ ಕ್ಷೌರದ ಬ್ರಷ್ಷು. ಕುದುರೆಮರಿ ಕೇಳಿದ ಅವಳಿಗಳಿಗೆ ಒಂದು ಜೊತೆ ಚಪ್ಪಲಿ, ಒಬ್ಬೊಬ್ಬನಿಗೆ ಒಂದೊಂದು ಕಾಲಿನದು. ಒಂದು ಮಗುವೂ ಅಳಲಿಲ್ಲ. ಸಾಂಟಾನ ಹೊಟ್ಟೆಯಿಂದ ಬೆಚ್ಚಗೆ ಬಂದ ಕ್ಷೌರದ ಬ್ರಷ್ಷನ್ನು ಯಾವ ಗೊಂಬೆ ಸರಿಗಟ್ಟೀತು? ವಿಟ್ಕಂಬ್ ಸಾಹೇಬರು ತಮ್ಮ ಅಂಗಡಿಯ ಮಾಲನ್ನು ಒಂದೊಂದಾಗಿ ಗುರುತಿಸುತ್ತ ಬಣ್ಣಗೆಟ್ಟರು. ಆಗ ಪತ್ರಿಕೆಯವನು ಅವರತ್ತ ತಿರುಗಿ, "ಇದೆಲ್ಲ ಅಂಗಡಿಯ ಕಡೆಯಿಂದಲಾ ಸರ್?" ಎಂದ. ಎದುರಿಗೆ ಮಕ್ಕಳು, ಹಿಂದೆ ಇಡೀ ಊರು.

"ಹೌದು" ಎಂದರು ಸಾಹೇಬರು, ಹಲ್ಲು ಕೀಳಿಸಿಕೊಳ್ಳುವವರ ದನಿಯಲ್ಲಿ. "ಮಕ್ಕಳಿಗೆ ಟಿಲ್ಲಿಂಗರ್ ಅಂಗಡಿಯ ಪ್ರೀತಿಯ ಕಾಣಿಕೆ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೊಟ್ಟದ್ದೆಲ್ಲ ಕಾಣಿಕೆಯಾಯಿತು, ಹೊಟ್ಟೆ ಖಾಲಿಯಾದರೆ ನೊವಾಕನಿಗೆ ಗುಂಡುಸೂಜಿಯೂ ಸಿಕ್ಕದು. ಆದರೆ ಹೊಟ್ಟೆ ಬೇಗ ಖಾಲಿಯಾಯಿತು, ಸಾಲು ಆಗಲಿಲ್ಲ. ಡೆಲ್ಬರ್ಟನ ಅಂಗಿ ಗಾಳಿ ಬಿಟ್ಟ ಬಲೂನಿನ ಹಾಗೆ ಜೋಲಾಡತೊಡಗಿತು.

"ಅಮ್ಮಾ, ಸಾಂಟಾ ಕರಗ್ತಿದಾನೆ" ಎಂದು ಒಂದು ಮಗು ತುಟಿ ಮುರಿಯಿತು. ಹಿಂದಿನದು ಅತ್ತಿತು. ಅಳು ಹೊಲಿಗೆ ಯಂತ್ರಗಳ ಕಡೆ ಹಬ್ಬಿತು. ಡಾಕ್ಟರ್ ಫೆನ್ನರ್ ಸ್ಟೆತಾಸ್ಕೋಪನ್ನು ಕೈಗೆತ್ತಿಕೊಂಡು, "ಈಗ ಬಿಚ್ಚಲೇಬೇಕು" ಎಂದರು. ಡೆಲ್ಬರ್ಟ್ ನನ್ನ ಕಡೆ ನೋಡಿದ. ಬಾಲ್ಯದಲ್ಲಿ ಮರದ ಮೇಲೆ ಸಿಕ್ಕಿಹಾಕಿಕೊಂಡಾಗ ನೋಡುತ್ತಿದ್ದ ನೋಟ ಅದು.

ನನ್ನ ಕೈ ಪಕ್ಕದ ಆಟಿಕೆಯ ಕಪಾಟಿಗೆ ಹೋಯಿತು. ನಾನು ಕಳಿಸಿದ್ದಲ್ಲ, ಅದೇ ಹೋಯಿತು. ಒಂದು ಬುಗುರಿಯನ್ನು ಏಪ್ರನ್ನಿನ ಜೇಬಿಗಿಳಿಸಿ, ಸಿಂಹಾಸನದ ಹಿಂದಿನಿಂದ ಬಗ್ಗಿ ಅವನ ಅಂಗಿಯೊಳಗೆ ತುರುಕಿದೆ. ಆಮೇಲೆ ಬಣ್ಣದ ಪೆನ್ಸಿಲುಗಳನ್ನು. ಆಮೇಲೆ ಪುಟ್ಟ ಡೋಲನ್ನು. ಹುಟ್ಟಿದಾಗಿನಿಂದ ಚರ್ಚಿನ ಪೆನ್ನನ್ನೂ ತಪ್ಪಿ ಮನೆಗೆ ತಾರದವಳು, ಉಸಿರಾಡಲೂ ಪುರುಸೊತ್ತಿಲ್ಲದೆ ಆ ಕಪಾಟನ್ನು ಬರಿದುಮಾಡಿದೆ. ನಾನು ತುಂಬಿದಂತೆ ಅವನು ಕೊಟ್ಟ. ಹೊಟ್ಟೆ ಮತ್ತೆ ಉಬ್ಬಿದ್ದನ್ನು ಕಂಡು ಡಾಕ್ಟರು ಸ್ಟೆತಾಸ್ಕೋಪನ್ನು ಕೆಳಗಿಳಿಸಿದರು. ಸಂಜೆ ಅಂಗಡಿಯ ಗಂಟೆ ಬಾರಿಸುವ ಹೊತ್ತಿಗೆ ಕೊನೆಯ ಮಗುವೂ ಡೋಲು ಬಡಿಯುತ್ತ ಹೋಯಿತು.

ಬಾಗಿಲು ಹಾಕಿದರು. ಉಳಿದವರು ನಾವು ನಾಲ್ವರು, ಮತ್ತು ಅಜ್ಜನ ಜೊತೆ ಮನೆಗೆ ಹೋಗಲು ಕಾದಿದ್ದ ಟೆಸ್. ಅವಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ನೊವಾಕ್ ಡೆಲ್ಬರ್ಟನ ಅಂಗಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದ. ಏನೂ ಇರಲಿಲ್ಲ. ಒಳಗಿದ್ದದ್ದು ಡೆಲ್ಬರ್ಟ್ ಒಬ್ಬನೇ.

"ಕದ್ದಿರೋದು ನನಗೆ ಗೊತ್ತು" ಎಂದ ನೊವಾಕ್.

"ಗೊತ್ತಿದ್ರೆ ಸಾಲದಲ್ಲ, ಮಾಲು ಬೇಕಲ್ಲ" ಎಂದ ಡೆಲ್ಬರ್ಟ್. ಕಾನೂನನ್ನು ಅವನು ಒಳಗಿದ್ದು ಕಲಿತವನು.

ನೊವಾಕ್ ಸೋತು, ಪಕ್ಕದ ಮೇಜಿಗೆ ಕೈಯೂರಲು ಹೋಗಿ, ನನ್ನ ಏಪ್ರನ್ನಿಗೆ ಊರಿದ. ಏಪ್ರನ್ನು "ಕ್ವಾಕ್" ಎಂದಿತು.

ಅವನು ಮತ್ತೊಮ್ಮೆ ಒತ್ತಿದ. ಮತ್ತೊಮ್ಮೆ ಅದೇ ಉತ್ತರ ಬಂತು. ಕೊನೆಯ ಮಗುವಿಗೆಂದು ಎತ್ತಿಟ್ಟು, ಡೋಲೇ ಸಾಕಾದ್ದರಿಂದ ಉಳಿದುಹೋದ ರಬ್ಬರ್ ಬಾತುಕೋಳಿಯನ್ನು ಅವನು ನನ್ನ ಜೇಬಿನಿಂದ ಎಳೆದು ದೀಪಕ್ಕೆ ಹಿಡಿದ. ಬೆಲೆ ಚೀಟಿ ಅದರ ಕೊರಳಲ್ಲೇ ತೂಗುತ್ತಿತ್ತು.

"ಲೆನೋರಾ" ಎಂದರು ವಿಟ್ಕಂಬ್ ಸಾಹೇಬರು. ಅಷ್ಟು ನೊಂದ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ. "ಮಕ್ಕಳಿಗೆ ಕೊಟ್ಟಿದ್ದು ಕಾಣಿಕೆ. ಇದು ನಿಮ್ಮ ಜೇಬಲ್ಲಿದೆ."

"ಸರ್, ನಾನು ಅದನ್ನ ಇವನಿಗೆ..." ಎಂದು ಬಾಯಿ ತೆರೆದೆ. ಇವನೆಂದರೆ ಯಾರು? ಹೇಳಿದರೆ ಅಣ್ಣ ಹೋದ. ಬಾಯಿ ಮುಚ್ಚಿಕೊಂಡೆ.

ಟೆಸ್ ಅಷ್ಟರಲ್ಲಿ ತಿರುಗಿ ನಿಂತಿದ್ದಳು. "ಅಜ್ಜ, ಆಂಟಿ ಏನ್ ಮಾಡಿದ್ರು?"

ನೊವಾಕ್ ತಡವರಿಸಿದ. ಡೆಲ್ಬರ್ಟನೇ ಉತ್ತರ ಕೊಟ್ಟ. "ಕದ್ದುಬಿಟ್ರು ಪುಟ್ಟಿ."

"ಹಾಗಾದ್ರೆ ಅವರು ಸಾಂಟಾ ಹತ್ರ ತಪ್ಪಾಯ್ತು ಅನ್ಬೇಕು. ತೊಡೆ ಮೇಲೆ ಕೂತ್ಕೊಂಡು. ಎಲ್ಲರೂ ಹಾಗೇ ಅನ್ನೋದು."

ನಾನು ಸಾಹೇಬರ ಮುಖ ನೋಡಿದೆ. ಮಗು ನೋಡುತ್ತಿತ್ತು, ನಿಯಮ ಅವರದೇ. ಕೂತ್ಕೊಳ್ಳಿ ಎಂಬಂತೆ ಅವರು ಕಣ್ಣಲ್ಲೇ ತೋರಿಸಿದರು. ಈ ವಯಸ್ಸಿನಲ್ಲಿ, ಮೀನಿನ ವಾಸನೆಯ ನಡುವೆ, ನಾನು ಹೋಗಿ ನನ್ನ ಅಣ್ಣನ ತೊಡೆಯ ಮೇಲೆ ಕುಳಿತೆ.

"ಹೆಸರು?" ಎಂದ ಅವನು ಗಂಭೀರವಾಗಿ.

"ಲೆನೋರಾ."

"ಈ ವರ್ಷ ಒಳ್ಳೆಯವಳಾಗಿದ್ದೆಯಾ?"

"ಇಲ್ಲ."

"ಇನ್ನು ಮುಂದೆ ಕದೀತೀಯಾ?"

"ಇಲ್ಲ."

"ಎಲ್ಲರೂ ಮೊದಲು ಹಾಗೇ ಅಂತಾರೆ" ಎಂದು ಅವನು ಆಳವಾಗಿ ನಿಟ್ಟುಸಿರುಬಿಟ್ಟ. ಆಮೇಲೆ ಕೈಗವಸಿನ ಕೈಯನ್ನು ನನ್ನ ತಲೆಯ ಮೇಲಿಟ್ಟ. "ಹೋಗ್ಲಿ, ಮೊದಲ್ನೇ ತಪ್ಪು. ಕ್ಷಮಿಸಿದೀನಿ."

"ಸಾಂಟಾ ಕ್ಷಮಿಸಿದ ಮೇಲೆ ನೀನು ಹಿಡಿಯೋ ಹಾಗಿಲ್ಲ ಅಜ್ಜ" ಎಂದಳು ಟೆಸ್. ನೊವಾಕ್ ಬಾತುಕೋಳಿಯನ್ನು ಕಪಾಟಿಗೆ ವಾಪಸ್ಸಿಟ್ಟು, ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಮೊಮ್ಮಗಳ ಕೈಹಿಡಿದು ಹೊರಟುಹೋದ. ವಿಟ್ಕಂಬ್ ಸಾಹೇಬರು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ಇಂಥ ಮನುಷ್ಯನ ಒಡಹುಟ್ಟಿದವಳಾಗಿ ಹೀಗೆ ಮಾಡಬಹುದೇ ಎಂದು ನನ್ನನ್ನು ಕೇಳಿದರು.

ಹಿಮ ಬೀಳುತ್ತಿತ್ತು. ಡೆಲ್ಬರ್ಟನೂ ನಾನೂ ಬಸ್ಸಿನ ನಿಲ್ದಾಣದವರೆಗೆ ನಡೆದೆವು. ಅವನು ನನಗೆ ಒಂದು ಮಾತು, ಒಂದೇ ಒಂದು ಕೃತಜ್ಞತೆಯ ಮಾತು ಹೇಳಲೆಂದು ಕಾದೆ. ಬಸ್ಸಿನ ದೀಪ ದೂರದಲ್ಲಿ ಕಂಡಾಗ ಗಡ್ಡವನ್ನು ಗಲ್ಲದ ಕೆಳಗೆ ಸರಿಸಿ, ನೋವಿನಿಂದ ನನ್ನ ಕಡೆ ತಿರುಗಿದ.

"ಶಬ್ದ ಮಾಡೋ ವಸ್ತೂನ ಮೈಮೇಲೆ ಇಟ್ಕೋತಾರಾ ಲೆನಿ? ನಮ್ಮ ಮನೆತನದ ಮಾನ ಕಳೆದುಬಿಟ್ಟೆ."